ಸ್ವಿಚ್ ನಂತರದ ಕನ್ಸೋಲ್: ನಾಲ್ಕು ಟೆರಾಫ್ಲಾಪ್ ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಮೂರನೇಪ್ಲೇಯರ್ ಅವರ ಪ್ರಶ್ನೆ (2024ರ ನವೆಂಬರ್)

ಎಲ್ಲರಿಗೂ ನಮಸ್ಕಾರ. ಸ್ವಿಚ್ ನಂತರದ ಕನ್ಸೋಲ್ ಅನ್ನು ಈ ಹಣಕಾಸು ವರ್ಷದೊಳಗೆ, ಅಂದರೆ 2025ರ ಮಾರ್ಚ್ ಮುಗಿಯುವ ಮೊದಲು, ಪ್ರಕಟಿಸುವುದಾಗಿ ನಿಂಟೆಂಡೊ ಅಧ್ಯಕ್ಷ ಶುಂತಾರೊ ಫುರುಕಾವಾ ಕಳೆದ ಮೇ ತಿಂಗಳಲ್ಲಿ ತಿಳಿಸಿದ್ದರು. ಈಗಿನ ಸ್ವಿಚ್ ಆಟಗಳು ಹೊಸ ಯಂತ್ರದಲ್ಲಿಯೂ ನಡೆಯುತ್ತವೆ ಎಂಬುದು ಈ ನವೆಂಬರ್ 6ರಂದು ಅವರಿಂದಲೇ ಖಚಿತವಾಗಿದೆ. ಆದರೆ ಒಳಗಿನ ಹಾರ್ಡ್‌ವೇರ್ ಬಗ್ಗೆ ಕಂಪನಿ ಇನ್ನೂ ತುಟಿ ಬಿಚ್ಚಿಲ್ಲ. ಟಿ239 ಎಂಬ ಚಿಪ್, ಅದರಲ್ಲಿ ಎನ್ವಿಡಿಯಾದ ಆಂಪಿಯರ್ ಎಂಬ ಪೀಳಿಗೆಯ 1536 ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಜಿಪಿಯು, ಅಂದರೆ ಚಿತ್ರ ಬಿಡಿಸುವ ಭಾಗ, ಎಂಬ ಮಾತುಗಳೆಲ್ಲ ಹುಟ್ಟಿದ್ದು 2022ರಲ್ಲಿ ಆ ಚಿಪ್ ಕಂಪನಿಯಿಂದ ಕಳುವಾಗಿ ಹೊರಬಿದ್ದ ಕಡತಗಳಿಂದ.

ಒಂದು ಕೋರ್ ಪ್ರತಿ ಕ್ಲಾಕ್‌ಗೆ ಎರಡು ಲೆಕ್ಕ ಮಾಡುತ್ತದೆ ಎಂದು ಹಿಡಿದು, 1536 ಕೋರ್‌ಗಳನ್ನು 1.3 ಗಿಗಾಹರ್ಟ್ಜ್ ವೇಗದಲ್ಲಿ ಓಡಿಸಿದರೆ ಹೆಚ್ಚುಕಡಿಮೆ 4 ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ ನಾಲ್ಕು ಲಕ್ಷ ಕೋಟಿ ಲೆಕ್ಕ, ಬರುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಹೇಳುವ ಅಂಕಿಯೂ ಅದೇ; ಪ್ಲೇಸ್ಟೇಷನ್ 4ರದು 1.84 ಮಾತ್ರ. ಹಾಗಾದರೆ ಕೈಯಲ್ಲಿ ಹಿಡಿದು ಆಡುವ ಯಂತ್ರವೊಂದು ಸೀರೀಸ್ ಎಸ್‌ಗೆ ಹೆಗಲೆಣೆಯಾಗುತ್ತದೆ ಎನ್ನಬಹುದೇ? ಅಥವಾ ಟಿವಿಗೆ ಜೋಡಿಸುವ ಡಾಕ್‌ನಲ್ಲಿಟ್ಟಾಗ ಮಾತ್ರ ಈ ಅಂಕಿ, ಕೈಯಲ್ಲಿ ಹಿಡಿದಾಗ ಬೇರೆಯೇ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸವಿದು ಎಂಬುದು ಗೊತ್ತಿದ್ದೂ ಕೇಳುತ್ತಿದ್ದೇನೆ. ಆಸೆಯ ಅಂಕಿಗಳು ನನಗೆ ಬೇಡ. ಲೆಕ್ಕ ಹಾಕಿ ಹೇಳಬಲ್ಲವರು ದಯವಿಟ್ಟು ಉತ್ತರಿಸಬೇಕು.

ವಾಟ್‌ಲೆಕ್ಕ ಅವರ ಉತ್ತರ

ನೀವು ಕೋರ್‌ಗಳಿಂದ ಲೆಕ್ಕ ಆರಂಭಿಸಿದ್ದೀರಿ. ನಾನು ಬ್ಯಾಟರಿಯಿಂದ ಆರಂಭಿಸುತ್ತೇನೆ, ಏಕೆಂದರೆ ಇಂತಹ ಯಂತ್ರದಲ್ಲಿ ಹಾಸಿಗೆಯ ಉದ್ದವನ್ನು ನಿರ್ಧರಿಸುವುದು ಅದೇ. ಚಿಪ್ ಎಷ್ಟೇ ದೊಡ್ಡದಿರಲಿ, ಕಾಲು ಚಾಚುವುದು ಅಷ್ಟರೊಳಗೆ.

ಈಗಿನ ಸ್ವಿಚ್‌ನ ಬ್ಯಾಟರಿ 4310 ಮಿಲಿಆಂಪ್‌ಅವರ್, 3.7 ವೋಲ್ಟ್, ಗುಣಿಸಿದರೆ 16 ವಾಟ್‌ಅವರ್. 2017ರಲ್ಲಿ ಯಂತ್ರ ಬಂದಾಗ ಬ್ರೆತ್ ಆಫ್ ದಿ ವೈಲ್ಡ್ ಆಟವನ್ನು ಸುಮಾರು ಮೂರು ಗಂಟೆ ಆಡಬಹುದು ಎಂದು ನಿಂಟೆಂಡೊ ಹೇಳಿತ್ತು. ಹದಿನಾರನ್ನು ಮೂರರಿಂದ ಭಾಗಿಸಿ ನೋಡಿ: ಪರದೆ, ವೈಫೈ, ಸ್ಪೀಕರ್, ಫ್ಯಾನ್, ಮೆಮೊರಿ, ಸಿಪಿಯು, ಜಿಪಿಯು ಎಲ್ಲ ಸೇರಿ ಐದೂಕಾಲು ವಾಟ್‌ನಲ್ಲಿ ಸಂಸಾರ ಮಾಡಿದ್ದವು. ಹೊಸ ಯಂತ್ರದ ಪರದೆ ದೊಡ್ಡದಾಗಿ, ಬ್ಯಾಟರಿಯೂ ಹಿಗ್ಗಿ 20 ವಾಟ್‌ಅವರ್ ಆಯಿತೆಂದೇ ಇಟ್ಟುಕೊಳ್ಳೋಣ. ಎರಡು ಗಂಟೆಗಿಂತ ಕಡಿಮೆ ಓಡುವ ಕೈಯಂತ್ರವನ್ನು ಆ ಕಂಪನಿ ಮಾರುವುದು ನನಗಂತೂ ಅನುಮಾನ. ಆದ್ದರಿಂದ ಇಡೀ ಯಂತ್ರಕ್ಕೆ ಹೆಚ್ಚೆಂದರೆ 10 ವಾಟ್. ಅದರಲ್ಲಿ ಪರದೆಗೆ ಮತ್ತು ಇತರ ಬಿಡಿಭಾಗಗಳಿಗೆ ಮೂರು ವಾಟ್‌ನಷ್ಟು ತೆಗೆದಿಟ್ಟರೆ ಚಿಪ್ ಮತ್ತು ಮೆಮೊರಿಗೆ ಉಳಿಯುವುದು ಏಳು.

ಈ ಏಳು ವಾಟ್‌ನಲ್ಲಿ ಏನಾಗುತ್ತದೆ? ಹೋಲಿಸಲು ಎರಡು ಯಂತ್ರಗಳು ಕಣ್ಣೆದುರಿಗೇ ಇವೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರದ ಚಿಪ್ 15 ವಾಟ್‌ವರೆಗೆ ಬಳಸುತ್ತದೆ, ಅದರ ಜಿಪಿಯು ಗರಿಷ್ಠ 1.6 ಟೆರಾಫ್ಲಾಪ್ ಕೊಡುತ್ತದೆ. ಅದಕ್ಕಾಗಿ ಅದು ಹೊರುವುದು 40 ವಾಟ್‌ಅವರ್ ಬ್ಯಾಟರಿ, ಒಟ್ಟು ತೂಕ 669 ಗ್ರಾಂ. ಇನ್ನೊಂದು, ಎನ್ವಿಡಿಯಾದ್ದೇ ಆದ ಜೆಟ್ಸನ್ ಒರಿನ್ ಎನ್‌ಎಕ್ಸ್. ಅದೂ ಆಂಪಿಯರ್ ಪೀಳಿಗೆಯದು, ಅದರಲ್ಲಿರುವುದು 1024 ಕೋರ್‌ಗಳು. 918 ಮೆಗಾಹರ್ಟ್ಜ್‌ನಲ್ಲಿ 1.88 ಟೆರಾಫ್ಲಾಪ್, ವಿದ್ಯುತ್ತಿನ ಮಿತಿ 10ರಿಂದ 25 ವಾಟ್. ರೋಬಾಟ್‌ಗಳಿಗಾಗಿ ಮಾಡಿದ ಆ ಚಿಪ್‌ನಲ್ಲಿ ಆಟಕ್ಕೆ ಬೇಡದ ಭಾಗಗಳು ಹಲವಿವೆ, ಅವನ್ನು ಕಿತ್ತರೆ ಸ್ವಲ್ಪ ಉಳಿತಾಯವಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಏಳು ವಾಟ್‌ನಲ್ಲಿ ನಾಲ್ಕು ಟೆರಾಫ್ಲಾಪ್ ಎಂಬುದು ಯಾವ ಕೋನದಿಂದ ನೋಡಿದರೂ ಹೊಂದುವುದಿಲ್ಲ.

ಇಲ್ಲಿ ಹಲವರು ಎಡವುವ ಇನ್ನೊಂದು ಜಾಗವಿದೆ. ಚಿಪ್ ಬಳಸುವ ವಿದ್ಯುತ್ತು ಕ್ಲಾಕ್ ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ವೇಗವನ್ನು ಇಳಿಸಿದಾಗ ವೋಲ್ಟೇಜನ್ನೂ ಇಳಿಸಬಹುದಾದ್ದರಿಂದ ಉಳಿತಾಯ ಇನ್ನಷ್ಟು ಹೆಚ್ಚುತ್ತದೆ. ಹೆಚ್ಚು ಕೋರ್‌ಗಳನ್ನಿಟ್ಟು ನಿಧಾನವಾಗಿ ಓಡಿಸುವುದು ಜಾಣತನ ಎನ್ನುವುದು ಇದೇ ಕಾರಣಕ್ಕೆ. ಆದರೆ ವೋಲ್ಟೇಜಿಗೂ ಒಂದು ತಳವಿದೆ. ಆ ತಳ ಮುಟ್ಟಿದ ಮೇಲೆ ವೇಗವನ್ನು ಅರ್ಧಕ್ಕಿಳಿಸಿದರೆ ಬಳಕೆಯೂ ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಅದಕ್ಕಿಂತ ಹೆಚ್ಚಿನ ಲಾಭವಿಲ್ಲ. ಜೊತೆಗೆ ಸುಮ್ಮನೆ ಕುಳಿತ ಟ್ರಾನ್ಸಿಸ್ಟರ್‌ಗಳಿಂದ ಸೋರುವ ಕರೆಂಟು ಇದ್ದೇ ಇರುತ್ತದೆ. ಚಿಪ್ ಅನ್ನು ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್ ವಿಧಾನದಲ್ಲಿ ಮಾಡಿದ್ದಾರೋ, ಟಿಎಸ್‌ಎಂಸಿಯ 4 ನ್ಯಾನೋಮೀಟರ್ ವಿಧಾನದಲ್ಲೋ (ಅಂಕಿ ಸಣ್ಣದಾದಷ್ಟೂ ವಿದ್ಯುತ್ತಿನ ಬಳಕೆ ಕಡಿಮೆ) ಎಂಬ ಜಗಳ ನಡೆಯುತ್ತಿರುವುದು ಈ ತಳ ಎಲ್ಲಿ ಸಿಗುತ್ತದೆ ಎಂಬುದರ ಮೇಲೆಯೇ. 1536 ಕೋರ್‌ಗಳು 8 ನ್ಯಾನೋಮೀಟರ್‌ಗೆ ತೀರಾ ಹೆಚ್ಚು, ಆದ್ದರಿಂದ 4 ನ್ಯಾನೋಮೀಟರೇ ಇರಬೇಕು ಎಂದು ವಾದಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಂಪಿಯರ್ ಆಟದ ಕಾರ್ಡ್‌ಗಳೂ ಒರಿನ್ ಕೂಡ 8 ನ್ಯಾನೋಮೀಟರ್‌ನಲ್ಲಿ ಆದವು. ಪಳಗಿದ ವಿನ್ಯಾಸವನ್ನು ಬೇರೆ ಕಾರ್ಖಾನೆಗೆ ಒಯ್ದು ಮತ್ತೆ ಬರೆಯುವುದು ಸಣ್ಣ ಖರ್ಚಿನ ಕೆಲಸವಲ್ಲ.

ನನ್ನ ಅಂದಾಜು: ಕೈಯಲ್ಲಿ ಹಿಡಿದಾಗ 500ರಿಂದ 600 ಮೆಗಾಹರ್ಟ್ಜ್, ಅಂದರೆ 1.5ರಿಂದ 1.8 ಟೆರಾಫ್ಲಾಪ್, ಡಾಕ್‌ನಲ್ಲಿಟ್ಟಾಗ ಒಂದು ಗಿಗಾಹರ್ಟ್ಜ್ ಆಸುಪಾಸು, ಅಂದರೆ 3.

ಕೊನೆಗೊಂದು ಅನುಭವ. ನನ್ನ ಫೋನಿನಲ್ಲಿ ಮೂರು ಆಯಾಮದ ಆಟವೊಂದನ್ನು ಫ್ರೇಮ್ ಎಣಿಕೆ ತೆರೆದಿಟ್ಟುಕೊಂಡು ಆಡಿ ನೋಡಿದ್ದೇನೆ. ಮೊದಲ ಎಂಟು ನಿಮಿಷ ಅಲುಗದೆ 60 ತೋರಿಸುತ್ತಿದ್ದ ಎಣಿಕೆ, ಕ್ಯಾಮೆರಾದ ಪಕ್ಕದ ಗಾಜು ಬೆರಳಿಗೆ ಚುರುಕೆನ್ನುವ ಹೊತ್ತಿಗೆ 41ಕ್ಕೆ ಇಳಿದಿತ್ತು; ಮತ್ತೆ ಏರಲೇ ಇಲ್ಲ. ಫೋನಿನ ಜಾಹೀರಾತಿನ ಅಂಕಿ ಆ ಮೊದಲ ಎಂಟು ನಿಮಿಷದ್ದು. ಕನ್ಸೋಲ್‌ಗೆ ಆ ಸೌಲಭ್ಯವಿಲ್ಲ. ಮೂರನೆಯ ಗಂಟೆಯಲ್ಲಿಯೂ ಮೊದಲ ನಿಮಿಷದ ವೇಗವೇ ಇರಬೇಕಾದ್ದರಿಂದ ಕ್ಲಾಕ್ ಅನ್ನು ಮೊದಲೇ ತಗ್ಗಿಸಿ ಕಟ್ಟಿಹಾಕುತ್ತಾರೆ.

ಪಿಕ್ಸೆಲ್‌ಪುಟ್ಟ ಅವರ ಉತ್ತರ

ವಾಟ್‌ಲೆಕ್ಕ ಅವರ ಮಾತಿಗೆ ನನ್ನ ಸಹಮತವಿದೆ. ಸೀರೀಸ್ ಎಸ್ ಜೊತೆಗಿನ ಹೋಲಿಕೆಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಸೇರಿಸುತ್ತೇನೆ: ಒಂದು ಪೀಳಿಗೆಯ ಟೆರಾಫ್ಲಾಪ್ ಇನ್ನೊಂದು ಪೀಳಿಗೆಯ ಟೆರಾಫ್ಲಾಪ್‌ಗೆ ಸಮವಲ್ಲ. ಆಂಪಿಯರ್‌ನಲ್ಲಿ ಎನ್ವಿಡಿಯಾ ದಶಮಾಂಶ ಲೆಕ್ಕದ ಘಟಕಗಳನ್ನು ದುಪ್ಪಟ್ಟು ಮಾಡಿತು, ನಿಜ. ಆದರೆ ಅವುಗಳಲ್ಲಿ ಅರ್ಧದಷ್ಟು ಘಟಕಗಳು ಪೂರ್ಣಾಂಕದ ಲೆಕ್ಕವನ್ನೂ ಹೊರಬೇಕು. ಬಣ್ಣ, ಬೆಳಕುಗಳ ಲೆಕ್ಕ ಹಾಕುವ ಶೇಡರ್ ಎಂಬ ಕಿರು ಪ್ರೋಗ್ರಾಂಗಳಲ್ಲಿ ಪೂರ್ಣಾಂಕದ ಕೆಲಸ ಧಾರಾಳವಾಗಿರುತ್ತದೆ, ಆದ್ದರಿಂದ ಕಾಗದದ ಮೇಲಿನ ಅಂಕಿ ಪರದೆಯ ಮೇಲೆ ಪೂರ್ತಿಯಾಗಿ ಇಳಿಯುವುದಿಲ್ಲ.

ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ ಎಂದರೆ ಆರ್‌ಟಿಎಕ್ಸ್ 2080 ಟಿಐ ಮತ್ತು ಆರ್‌ಟಿಎಕ್ಸ್ 3070. ಆಂಪಿಯರ್‌ಗಿಂತ ಹಿಂದಿನ ಪೀಳಿಗೆಯ ಮೊದಲ ಕಾರ್ಡ್ 13.4 ಟೆರಾಫ್ಲಾಪ್, ಆಂಪಿಯರ್ ಆದ ಎರಡನೆಯದು 20.3. ಅಂಕಿಯಲ್ಲಿ ಅರ್ಧದಷ್ಟು ಹೆಚ್ಚಿದ್ದರೂ ಆಟಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹಾಗಿರುವಾಗ ಆಂಪಿಯರ್‌ನ 3 ಟೆರಾಫ್ಲಾಪ್ ಅನ್ನು ಎಎಂಡಿ ಮಾಡಿದ ಸೀರೀಸ್ ಎಸ್ ಚಿಪ್‌ನ 4ರ ಪಕ್ಕದಲ್ಲಿಟ್ಟು ಮುಕ್ಕಾಲು ಭಾಗ ಎನ್ನುವುದು ಸರಿಯಾಗದು. ಅದಕ್ಕಿಂತ ಇನ್ನೂ ಸ್ವಲ್ಪ ಕೆಳಗೇ ಇರುತ್ತದೆ.

ಮೂರನೇಪ್ಲೇಯರ್

ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೂ ಎನ್ವಿಡಿಯಾ ಚಿಪ್ ಎಂದಾಗ ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ಬರುತ್ತದಲ್ಲ? 720ಪಿ ಚಿತ್ರವನ್ನು ಟಿವಿಯ 4ಕೆಗೆ ಹಿಗ್ಗಿಸಿಬಿಟ್ಟರೆ ಕಚ್ಚಾ ಬಲದ ಕೊರತೆಯೆಲ್ಲ ಮುಚ್ಚಿಹೋಗುವುದಿಲ್ಲವೇ?

ಬಸ್‌ಅಗಲ ಅವರ ಉತ್ತರ

ಮುಚ್ಚುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ. 720ಪಿ ಚಿತ್ರದಲ್ಲಿ 9,21,600 ಪಿಕ್ಸೆಲ್‌ಗಳಿದ್ದರೆ 4ಕೆಯಲ್ಲಿ ಅದರ ಒಂಬತ್ತು ಪಟ್ಟು ಇವೆ. ಡಿಎಲ್‌ಎಸ್‌ಎಸ್‌ಗೆ ತಗಲುವ ಸಮಯ ಹೆಚ್ಚಾಗಿ ಹೊರಬರುವ ಚಿತ್ರದ ಗಾತ್ರವನ್ನು ಅವಲಂಬಿಸಿರುತ್ತದೆ. ದೊಡ್ಡ ಕಾರ್ಡ್‌ಗಳಲ್ಲಿ ಲೆಕ್ಕಕ್ಕೇ ಬಾರದ ಆ ಸಮಯ ಸಣ್ಣ ಚಿಪ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. ಹಿಗ್ಗಿಸುವುದಕ್ಕೇ ಎಂಟು ಹೋಯಿತೆನ್ನಿ, ಮೂಲ ಚಿತ್ರವನ್ನು ಬಿಡಿಸಲು ಉಳಿಯುವುದು ಎಂಟೂ ಮುಕ್ಕಾಲು. 30 ಫ್ರೇಮ್‌ನ ಆಟದಲ್ಲಾದರೆ 33.3 ಮಿಲಿಸೆಕೆಂಡ್ ಇರುವುದರಿಂದ ಅದೇ ಎಂಟು ಅಷ್ಟಾಗಿ ಭಾರವೆನಿಸದು. ಆದ್ದರಿಂದ 4ಕೆ ಎಂಬ ಮುದ್ರೆ ನಿಧಾನಗತಿಯ ಆಟಗಳಿಗೆ ಬೀಳುತ್ತದೆ, ವೇಗದ ಆಟಗಳು 1080ಪಿ ಅಥವಾ 1440ಪಿಯಲ್ಲಿ ನಿಲ್ಲುತ್ತವೆ ಎಂಬುದು ನನ್ನ ಊಹೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಮೆಮೊರಿಯದು. ಯಾರೂ ಟೆರಾಫ್ಲಾಪ್ ಬಿಟ್ಟು ಅತ್ತ ನೋಡುವುದಿಲ್ಲ. ಈಗಿನ ಸ್ವಿಚ್‌ನ ಮೆಮೊರಿ ಬ್ಯಾಂಡ್‌ವಿಡ್ತ್, ಅಂದರೆ ಮೆಮೊರಿಗೂ ಚಿಪ್‌ಗೂ ನಡುವೆ ಮಾಹಿತಿ ಸಾಗುವ ವೇಗ, ಸೆಕೆಂಡಿಗೆ 25.6 ಗಿಗಾಬೈಟ್, ಪ್ಲೇಸ್ಟೇಷನ್ 4ರದು 176. ಹುಲ್ಲು, ಹೊಗೆ, ಮಳೆಯಂತಹ ಅರೆಪಾರದರ್ಶಕ ವಸ್ತುಗಳು ಪರದೆ ತುಂಬಿದಾಗಲೆಲ್ಲ ಸ್ವಿಚ್ ತಡವರಿಸುವುದಕ್ಕೆ ಮುಖ್ಯ ಕಾರಣವೇ ಇದು, ಏಕೆಂದರೆ ಒಂದರ ಮೇಲೊಂದು ಬಿಡಿಸುವಾಗ ಅದೇ ಪಿಕ್ಸೆಲ್ ಅನ್ನು ಹತ್ತಾರು ಬಾರಿ ಓದಿ ಬರೆಯಬೇಕು.

ಹೊಸ ಯಂತ್ರದಲ್ಲಿ 128 ಬಿಟ್ ಅಗಲದ ಎಲ್‌ಪಿಡಿಡಿಆರ್5 ಮೆಮೊರಿ ಇರುತ್ತದೆ ಎಂದು ಊಹಿಸಿದರೆ, ಪ್ರತಿ ಬಿಟ್ ದಾರಿಯಲ್ಲಿ ಸೆಕೆಂಡಿಗೆ 6400 ಮೆಗಾಬಿಟ್ ವೇಗಕ್ಕೆ 102.4 ಗಿಗಾಬೈಟ್ ಸಿಗುತ್ತದೆ. ಇದು ಯಾವ ಜಿಪಿಯುವಿಗೆ ಸಾಕು? ಎನ್ವಿಡಿಯಾದ ಲೆಕ್ಕವನ್ನೇ ತೆಗೆದುಕೊಳ್ಳಿ. ಆಂಪಿಯರ್‌ನ ಆರ್‌ಟಿಎಕ್ಸ್ 3050 ಎಂಟು ಗಿಗಾಬೈಟ್ ಕಾರ್ಡ್‌ನಲ್ಲಿ 9.1 ಟೆರಾಫ್ಲಾಪ್‌ಗೆ 224 ಗಿಗಾಬೈಟ್, 3060ರಲ್ಲಿ 12.7ಕ್ಕೆ 360. ಅಂದರೆ ಪ್ರತಿ ಟೆರಾಫ್ಲಾಪ್‌ಗೆ 25ರಿಂದ 28 ಗಿಗಾಬೈಟ್ ಉಣಿಸಿದ್ದಾರೆ. ಅಲ್ಲಿ ಜಿಪಿಯುವಿಗೆ ತನ್ನದೇ ಮೆಮೊರಿ. ಇಲ್ಲಿ ಸಿಪಿಯು ಕೂಡ ಅದೇ ತಟ್ಟೆಗೆ ಕೈ ಹಾಕುತ್ತದೆ. ಸಿಪಿಯು ಪಾಲಿಗೆ ಇಪ್ಪತ್ತು ಬಿಟ್ಟರೆ ಉಳಿದದ್ದರಲ್ಲಿ ಹೊಟ್ಟೆ ತುಂಬಿಸಿಕೊಳ್ಳಬಲ್ಲದ್ದು ಮೂರು ಟೆರಾಫ್ಲಾಪ್ ಆಸುಪಾಸಿನ ಜಿಪಿಯು ಮಾತ್ರ. ವಾಟ್‌ಲೆಕ್ಕ ಅವರು ಬ್ಯಾಟರಿಯ ದಾರಿಯಲ್ಲಿ ಬಂದು ತಲುಪಿದ ಅಂಕಿಗೆ ನಾನು ಮೆಮೊರಿಯ ದಾರಿಯಲ್ಲಿ ಬಂದು ತಲುಪಿದ್ದೇನೆ. ಡಾಕ್‌ನಲ್ಲಿ ನಾಲ್ಕಕ್ಕೆ ಏರಿಸಿದರೂ ಕೋರ್‌ಗಳು ಮೆಮೊರಿಗಾಗಿ ಕಾಯುತ್ತ ಕೂರುತ್ತವೆ.

ಹಳೇಕಾರ್ಟ್ರಿಜ್ ಅವರ ಉತ್ತರ

2016ರ ಚಳಿಗಾಲ ನೆನಪಾಗುತ್ತಿದೆ. ಅಕ್ಟೋಬರ್ 20ರಂದು ಸ್ವಿಚ್‌ನ ಮೊದಲ ವಿಡಿಯೊ ಬಂದಾಗ ಎನ್ವಿಡಿಯಾ ತನ್ನ ಚಿಪ್ ಬಗ್ಗೆ ಹೇಳಿದ್ದು ‘ವಿಶೇಷವಾಗಿ ರೂಪಿಸಿದ ಟೆಗ್ರಾ’ ಎಂದಷ್ಟೇ. ಆ ‘ವಿಶೇಷ’ ಎಂಬ ಪದದಲ್ಲಿ ನಾವೆಲ್ಲ ಆಗಿನ ಹೊಸ ಪ್ಯಾಸ್ಕಲ್ ಪೀಳಿಗೆಯನ್ನು ಕಂಡೆವು, ಕೆಲವರು ಪೂರ್ತಿ ಒಂದು ಟೆರಾಫ್ಲಾಪ್ ಕಂಡರು. ಡಿಸೆಂಬರ್‌ನಲ್ಲಿ ಯೂರೋಗೇಮರ್ ಜಾಲತಾಣದ ಡಿಜಿಟಲ್ ಫೌಂಡ್ರಿ ಕ್ಲಾಕ್ ವೇಗಗಳನ್ನು ಪ್ರಕಟಿಸಿತು: ಜಿಪಿಯು ಡಾಕ್‌ನಲ್ಲಿ 768 ಮೆಗಾಹರ್ಟ್ಜ್, ಕೈಯಲ್ಲಿ 307.2. ಒಳಗಿದ್ದದ್ದು 2015ರ ಶೀಲ್ಡ್ ಟಿವಿ ಎಂಬ ಎನ್ವಿಡಿಯಾ ಯಂತ್ರದಲ್ಲಿದ್ದ ಟೆಗ್ರಾ ಎಕ್ಸ್1. ಅಲ್ಲಿ ಒಂದು ಗಿಗಾಹರ್ಟ್ಜ್‌ನಲ್ಲಿ 512 ಗಿಗಾಫ್ಲಾಪ್ ಕೊಡುತ್ತಿದ್ದ 256 ಕೋರ್‌ಗಳು ಇಲ್ಲಿ ಡಾಕ್‌ನಲ್ಲಿ 393ಕ್ಕೆ, ಕೈಯಲ್ಲಿ 157ಕ್ಕೆ ಇಳಿದವು. ಈ ಬಾರಿಯೂ ಕೋರ್ ಎಣಿಕೆ ನಿಜವಾಗಿ, ಕ್ಲಾಕ್ ನಿರಾಸೆಯಾದರೆ ನನಗೆ ಆಶ್ಚರ್ಯವಿಲ್ಲ.

ಆದರೆ ನೀವೆಲ್ಲ ಜಿಪಿಯು ಒಂದನ್ನೇ ತೂಗುತ್ತಿದ್ದೀರಿ. ಸ್ವಿಚ್‌ನಲ್ಲಿ ಆಟಗಳಿಗೆ ಸಿಗುವುದು ಸಿಪಿಯುವಿನ ಮೂರು ಎ57 ಕೋರ್‌ಗಳು, ಅದೂ 1.02 ಗಿಗಾಹರ್ಟ್ಜ್‌ನಲ್ಲಿ, ನಾಲ್ಕನೆಯದು ಸಿಸ್ಟಮ್ ಪಾಲು. ಡಾಕ್‌ನಲ್ಲಿಟ್ಟರೂ ಆ ವೇಗ ಏರುವುದಿಲ್ಲ, ಏಕೆಂದರೆ ಆಟದ ಒಳತರ್ಕ ಎರಡೂ ಕಡೆ ಒಂದೇ ಆಗಿರಬೇಕು. 2019ರಲ್ಲಿ ಬಂದ ದಿ ವಿಚರ್ 3 ಆಟದ ಸ್ವಿಚ್ ಆವೃತ್ತಿಯನ್ನು ಕೈಯಲ್ಲಿ ಹಿಡಿದು ಆಡಿದವರಿಗೆ ಗೊತ್ತು: ಚಿತ್ರ 540ಪಿಗೆ ಇಳಿದು ದೂರದ ಮರಗಳು ಹಸಿರು ಕಲೆಗಳಂತೆ ಕಂಡರೂ ಕಾಡಿನಲ್ಲಿ ಆಟ ಸರಾಗವಾಗಿ ಸಾಗುತ್ತದೆ, ನೊವಿಗ್ರಾಡ್ ಪಟ್ಟಣದ ಸಂತೆಯ ಬೀದಿಗೆ ಕುದುರೆ ಕಾಲಿಟ್ಟಾಗ ಮಾತ್ರ ತಡವರಿಸುತ್ತದೆ. ಚಿತ್ರವನ್ನು ಚಿಕ್ಕದು ಮಾಡಬಹುದು, ಬೀದಿಯಲ್ಲಿ ಓಡಾಡುವ ನೂರು ಜನರ ಲೆಕ್ಕವನ್ನು ಹಾಗೆ ಕುಗ್ಗಿಸಲಾಗದು. ಒರಿನ್‌ನಲ್ಲಿರುವ ಎ78ರಂತಹ ಎಂಟು ಕೋರ್‌ಗಳು ಇಲ್ಲಿಗೂ ಬಂದರೆ, ಜಿಪಿಯು ಮೂರು ಟೆರಾಫ್ಲಾಪ್ ಆದರೂ ಎರಡೂವರೆ ಆದರೂ ನನ್ನ ತಕರಾರಿಲ್ಲ.

ಮೂರನೇಪ್ಲೇಯರ್

ಹಾಗಾದರೆ ನಾಲ್ಕನ್ನು ಹೊಡೆದುಹಾಕಿ ಡಾಕ್‌ನಲ್ಲಿ ಮೂರು, ಕೈಯಲ್ಲಿ ಒಂದೂವರೆ ಎಂದು ಬರೆದಿಟ್ಟುಕೊಂಡಿದ್ದೇನೆ. ಘೋಷಣೆಯ ದಿನ ಟೆರಾಫ್ಲಾಪ್ ಅಂಕಿಯನ್ನು ನಿಂಟೆಂಡೊ ಹೇಳುವ ಪೈಕಿ ಅಲ್ಲ, ಆದ್ದರಿಂದ ಬ್ಯಾಟರಿಯ ಗಾತ್ರ ಮತ್ತು ಓಡುವ ಅವಧಿ ಪ್ರಕಟವಾದ ಕೂಡಲೇ ವಾಟ್‌ಲೆಕ್ಕ ಅವರ ಭಾಗಾಕಾರವನ್ನು ಇದೇ ಚರ್ಚೆಯಲ್ಲಿ ಮತ್ತೊಮ್ಮೆ ಮಾಡಿ ನೋಡೋಣ.