ಗೌರಿ ಹಬ್ಬದ ಮೊರಕ್ಕೆ ಬ್ಯಾಂಕ್ ಸಾಲ ತಗೊಂಡೋರು ಯಾರಾದ್ರೂ ಇದ್ದೀರಾ?

ಮೊರದಮನೆ, ಬೇಲೂರು:
ಎಲ್ರಿಗೂ ನಮಸ್ಕಾರ. ನಮ್ದು ಬಿದಿರು ಕೆಲಸದ ಮನೆ. ಅವ್ವ, ದೊಡ್ಡವ್ವ, ನಾನು ಹೆಣೆಯೋರು. ವರ್ಷದ ದುಡಿಮೇಲಿ ಮುಕ್ಕಾಲು ಪಾಲು ಬರೋದು ಗೌರಿ ಬಾಗಿನದ ಮೊರದಿಂದ. ಉಳಿದ ದಿನ ಕುಕ್ಕೆ, ತಟ್ಟಿ, ಯಾರಾದ್ರೂ ಕೇಳಿದ್ರೆ.

ದುಡ್ಡು ಬೇಕಾಗೋದು ಜೂನ್‌ನಲ್ಲಿ, ಕೈಗೆ ಬರೋದು ಭಾದ್ರಪದದಲ್ಲಿ. ಮಳೆ ಹಿಡಿಯೋಕೆ ಮುಂಚೆ ಬಿದಿರಿನ ಗಳ ತಂದು ಹಾಕ್ಕೋಬೇಕು. ಹಸಿ ಇದ್ದಾಗ್ಲೇ ಸೀಳಬೇಕು, ಒಣಗಿದ್ರೆ ದಬ್ಬೆ ಬಾಗಲ್ಲ. ಆಷಾಢದಲ್ಲಿ ಬಿಸಿಲೆಲ್ಲಿ? ಹೆಣೆದ ಮೊರಾನ ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡ್ತೀವಿ, ಇಲ್ಲಾಂದ್ರೆ ಬೂಷ್ಟು ಹಿಡಿಯುತ್ತೆ.

ಪ್ರತಿ ವರ್ಷ ಒಬ್ಬರು ಸಾಹುಕಾರ್ರು 20,000 ಮುಂಗಡ ಕೊಡ್ತಾರೆ. ಬಡ್ಡಿ ಇಲ್ಲ. ಅವ್ವ ಅವರನ್ನ ದೇವರು ಅಂತಾಳೆ. ನಾನು ಬಿಕಾಂ ಓದಿದ ತಪ್ಪಿಗೆ ಹೋದ ವರ್ಷ ಲೆಕ್ಕ ಹಾಕಿದೆ. ಸಂತೇಲಿ ನಾವೇ ಕೂತು ಮಾರಿದ್ರೆ ಒಂದು ಜೊತೆ ಮೊರಕ್ಕೆ 110 ರೂಪಾಯಿ. ಸಾಹುಕಾರ್ರು ಮುಂಗಡದ ಲೆಕ್ಕಕ್ಕೆ ಒಂದು ಜೊತೆಗೆ ಹಿಡಿಯೋದು 70. ನಾನೂರು ಜೊತೆಗೆ 16,000 ಹೋಯ್ತು. ಮೂರು ತಿಂಗಳ 20,000ಕ್ಕೆ! ಅವ್ವನಿಗೆ ಹೇಳಿದ್ರೆ "ಬಡ್ಡಿ ಅಂತ ಒಂದು ರೂಪಾಯಿ ಕೇಳಿಲ್ಲ ಕಣೆ" ಅಂದ್ಲು.

ಈಗ ಕುಶಲಕರ್ಮಿಗಳಿಗೆ ಅಂತ ಕೇಂದ್ರ ಸರ್ಕಾರದ್ದಿರೋ ಪಿಎಂ ವಿಶ್ವಕರ್ಮ ಯೋಜನೇಲಿ ಅವ್ವನ ಹೆಸರು ನೋಂದಣಿ ಆಗಿ ತರಬೇತೀನೂ ಮುಗಿದಿದೆ. ಬ್ಯಾಂಕಿನೋರು 1 ಲಕ್ಷ ಕೊಡ್ತೀವಿ ಅಂತಿದಾರೆ. ಶೇ 5 ಬಡ್ಡಿ, 18 ತಿಂಗಳು, ಅಡಮಾನ ಬೇಡ. ಆದ್ರೆ ತಿಂಗಳಿಗೆ ಹತ್ತಿರ ಹತ್ತಿರ 5,800 ಕಂತು. ಕಾರ್ತಿಕದಲ್ಲಿ ನಮ್ಮನೇಲಿ ಅಷ್ಟು ದುಡ್ಡು ಒಟ್ಟಿಗೆ ಕಾಣೋದೇ ಇಲ್ಲ. ತಗೊಳ್ಳಲಾ, ಬಿಡಲಾ?

ಸಿಟಿ_ಹುಡುಗ:
ಮೊರ ಬಿಡಿ ಸಿಸ್ಟರ್. ಬಿದಿರಿನ ಲ್ಯಾಂಪ್ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಬೆಂಗಳೂರಲ್ಲಿ 1,500ಕ್ಕೆ ಹೋಗುತ್ತೆ.

ಮೊರದಮನೆ, ಬೇಲೂರು:
ಮಾಡಿದ್ವಿ ಅಣ್ಣ. ಆರು ಮಾಡಿದ್ವಿ. ಎರಡು ಕೊರಿಯರ್‌ನಲ್ಲೇ ಜಜ್ಜಿ ಹೋದ್ವು, ಒಂದು ನಮ್ಮನೇಲೇ ಉರೀತಿದೆ. ಉಳಿದ ಮೂರರ ಕೆಳಗೆ ಈಗ ಕೋಳಿಮರಿ ಇವೆ.

ನಿವೃತ್ತ_ಕ್ಯಾಷಿಯರ್, ಅರಸೀಕೆರೆ:
ಮಗಳೇ, ನಿನ್ನ ಲೆಕ್ಕ ಸರಿಯಾಗಿದೆ. ಆದ್ರೆ 1 ಲಕ್ಷ ಅನ್ನೋದು ಮಿತಿ, ಅಷ್ಟೂ ತಗೋಬೇಕು ಅಂತಿಲ್ಲ. 50,000 ಸಾಕು ಅಂತ ಬರೆದುಕೊಡು, ಕಂತು 2,900ರ ಒಳಗೆ ಬರುತ್ತೆ. 30,000 ಬಿದಿರಿಗೆ ಮತ್ತು ಗಾಡಿ ಬಾಡಿಗೆಗೆ. ಉಳಿದ 20,000 ಅದೇ ಖಾತೇಲಿ ಬಿಡು, ಮೊದಲ ಆರು ಕಂತು ತಾನಾಗೇ ಮುರಿದುಕೊಳ್ಳುತ್ತೆ.

ಅದಕ್ಕಿಂತ ಮುಖ್ಯವಾದದ್ದು, ಯಾವ ತಿಂಗಳಲ್ಲಿ ತಗೋತೀಯ ಅನ್ನೋದು. ನವೆಂಬರ್‌ನಲ್ಲಿ ತಗೊಂಡ್ರೆ 18 ತಿಂಗಳಲ್ಲಿ ಒಂದೇ ಗೌರಿ ಹಬ್ಬ. ಮೇನಲ್ಲಿ ತಗೊಂಡ್ರೆ ಎರಡು. ಮ್ಯಾನೇಜರ್ರು "ಈ ತಿಂಗಳೇ ಟಾರ್ಗೆಟ್ ಮುಗೀಬೇಕು" ಅಂದ್ರೂ ಜಗ್ಗಬೇಡ. ಕೌಂಟರ್ ಒಳಗೆ ಕೂತು 31 ವರ್ಷ ನೋಡಿದೀನಿ, ಕಟ್ಟೋ ಮನಸ್ಸಿರೋರೇ ಕಾಲ ತಪ್ಪಿ ಸಾಲ ತಗೊಂಡು ಸುಸ್ತಿದಾರರಾಗಿದ್ದು.

ಇನ್ನೆರಡು ಮಾತು. ಈ ಯೋಜನೇಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದೇ ಕುಟುಂಬ, ಒಬ್ಬರಿಗೇ ಸಿಗೋದು. ನಿನ್ನ ಹೆಸರಲ್ಲಿ ಹಾಕೋಕೆ ಹೋಗ್ಬೇಡ. ದೊಡ್ಡವ್ವ ಬೇರೆ ಕುಟುಂಬ ಆದ್ರಿಂದ ಅವರು ಹಾಕಬಹುದು. ಹಾಗೇ ಅವ್ವನ ಹೆಸರಲ್ಲಿ ಸಣ್ಣ ಉದ್ಯೋಗಕ್ಕೆ ಕೊಡೋ ಮುದ್ರಾ ಸಾಲ ತೀರದೇ ಇದ್ರೆ ಇದು ಸಿಗಲ್ಲ, ಮೊದಲು ನೋಡ್ಕೋ. ಇದನ್ನ ಚೊಕ್ಕವಾಗಿ ತೀರಿಸಿದ್ರೆ ಮುಂದಿನ ಸಲ 2 ಲಕ್ಷದವರೆಗೆ, 30 ತಿಂಗಳಿಗೆ.

ಸಂಘದಕ್ಕ, ಕಡೂರು:
ತಂಗಿ, ಅವ್ವ ಸ್ತ್ರೀಶಕ್ತಿ, ಸಂಜೀವಿನಿ ಥರದ ಮಹಿಳಾ ಸ್ವಸಹಾಯ ಸಂಘದಲ್ಲಿ ಇದ್ರೆ ಮೊದಲು ಅಲ್ಲಿ ಕೇಳು. ಸಂಘದೊಳಗಿನ ಸಾಲಕ್ಕೆ ಕಂತು ಯಾವಾಗ ಅಂತ ನಾವೇ ಕೂತು ಬರ್ಕೋತೀವಲ್ಲ. ನಮ್ಮಲ್ಲಿ ಕಂಬಳಿ ನೇಯೋ ಮನೆಯೋರಿಗೆ ನಾಲ್ಕು ತಿಂಗಳು ಬರೀ ಬಡ್ಡಿ, ಜಾತ್ರೆ ಆದ್ಮೇಲೆ ಅಸಲು. ಒಂದು ಸಲ ಮಾತ್ರ ಒಬ್ಬರು ಅದೇ ದುಡ್ಡಲ್ಲಿ ಫ್ರಿಜ್ ತಂದು ಇಡೀ ಸಂಘಕ್ಕೆ ತಲೆನೋವು ತಂದ್ರು. ಅದನ್ನ ಇಲ್ಲಿ ಬರೆಯಲ್ಲ ಬಿಡು.

ತೋಟದವನು, ಮೂಡಿಗೆರೆ:
ನಮಗೆ ನವೆಂಬರ್‌ನಿಂದ ಅರೇಬಿಕಾ ಕಾಫಿ ಕೊಯ್ಲು, ಜನವರಿಗೆ ರೋಬಸ್ಟಾ. ಪ್ಲಾಸ್ಟಿಕ್ ಬುಟ್ಟಿ ತಂದ್ರೆ ವರ್ಷಕ್ಕೇ ಕಿವಿ ಕಿತ್ತು ಬರುತ್ತೆ. ಸೊಂಟಕ್ಕೆ ಕಟ್ಟೋ ಕುಕ್ಕೆ ನಲವತ್ತು ಬೇಕು, ಅರ್ಧ ದುಡ್ಡು ಮೊದಲೇ ಕೊಡ್ತೀನಿ. ನೀವಂದ ಕಾರ್ತಿಕದ ಕಂತಿಗೆ ಅದಾಗಬಹುದು. ಬೇಲಿ ಸಾಲಲ್ಲಿ ಬಿದಿರೂ ಇದೆ. 2017ರ ತಿದ್ದುಪಡಿ ಆದ್ಮೇಲೆ ಕಾಡಿನಾಚೆ ಬೆಳೆದ ಬಿದಿರು ಕೇಂದ್ರದ ಅರಣ್ಯ ಕಾಯ್ದೇಲಿ ಮರ ಅಂತ ಲೆಕ್ಕಕ್ಕಿಲ್ಲ. ಆದ್ರೂ ಗಾಡಿಗೆ ಹಾಕೋ ಮುಂಚೆ ರೇಂಜ್ ಆಫೀಸಲ್ಲಿ ಒಂದು ಮಾತು ಕೇಳಿಬಿಡೋಣ.

ಮೊರದಮನೆ, ಬೇಲೂರು:
ಎಲ್ಲಾನೂ ಅವ್ವನಿಗೆ ಓದಿ ಹೇಳಿದೆ. ಬಡ್ಡಿ ಲೆಕ್ಕ ಅವಳ ಕಿವಿಗೆ ಬೀಳಲಿಲ್ಲ, ಎರಡು ಗೌರಿ ಅಂದಿದ್ದು ತಟ್ಟನೆ ಹಿಡೀತು. ಮೇವರೆಗೆ ಕಾಯೋದು, 50,000 ಕೇಳೋದು ಅಂತ ಆಗಿದೆ. ಸಾಹುಕಾರ್ರಿಗೆ ಏನು ಹೇಳೋದು ಅನ್ನೋದೇ ಈಗ ಅವಳ ಸಂಕಟ. ಅಪ್ಪ ಆಸ್ಪತ್ರೇಲಿದ್ದಾಗ ರಾತ್ರಿ ಹನ್ನೊಂದಕ್ಕೆ ದುಡ್ಡು ತಂದುಕೊಟ್ಟೋರು ಅವರೇ. ನೂರು ಜೊತೆ ಅವರಿಗೇ ಹಾಕೋಣ, 70ಕ್ಕೇ, ಅಂತಿದಾಳೆ. ನಾನು ಸುಮ್ಮನಿದ್ದೀನಿ.

ತೋಟದಣ್ಣ, ಕುಕ್ಕೆ ಎಷ್ಟು ಕೆಜಿ ಹಣ್ಣು ಹಿಡೀಬೇಕು? ಹಳೇದೊಂದು ಇದ್ರೆ ಅಳತೆಗೆ ಫೋಟೋ ಹಾಕಿ.