ಬಿ.ಎಸ್ಸಿ. ಓದುತ್ತಲೇ ಆಪ್ಟೋಮೆಟ್ರಿ ಪ್ರವೇಶಕ್ಕೆ ಸಿದ್ಧತೆ ಹೇಗೆ?

ಪ್ರಶ್ನೆ: ವಿದ್ಯಾರ್ಥಿನಿ, ಬಾಗಲಕೋಟೆ

ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಪದವಿ ಮುಗಿದ ಮೇಲೆ ಅಮೆರಿಕದಲ್ಲಿ 4 ವರ್ಷಗಳ ‘ಡಾಕ್ಟರ್ ಆಫ್ ಆಪ್ಟೋಮೆಟ್ರಿ’ (ದೃಷ್ಟಿ ಪರೀಕ್ಷಿಸಿ ಕನ್ನಡಕ ಸೂಚಿಸುವ ವೃತ್ತಿಯ ಪದವಿ) ಓದಬೇಕೆಂಬುದು ನನ್ನ ಬಹುದಿನದ ಆಸೆ. ಪಿಯುಸಿಯ ನಂತರ ಭೌತಶಾಸ್ತ್ರವನ್ನು ಓದಿಲ್ಲ. ಇದು ಅಡ್ಡಿಯಾಗುವುದೇ? ಈಗಿನಿಂದಲೇ ಯಾವ ಸಿದ್ಧತೆ ಮಾಡಿಕೊಳ್ಳಬೇಕು? ತಿಳಿದವರು ದಯವಿಟ್ಟು ತಿಳಿಸಿರಿ.

ಉತ್ತರ 1: ಉಪನ್ಯಾಸಕರು, ಬೆಳಗಾವಿ

ಅಡ್ಡಿಯಾಗುತ್ತದೆ, ಆದರೆ ಅದನ್ನು ನೀಗಿಸಿಕೊಳ್ಳಲು ನಿಮಗಿನ್ನೂ ಕಾಲಾವಕಾಶವಿದೆ. ಅಲ್ಲಿನ ಕಾಲೇಜುಗಳು ಸಾಮಾನ್ಯವಾಗಿ ಜೀವಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರಗಳ ಜೊತೆಗೆ ಪ್ರಯೋಗಾಲಯಸಹಿತವಾದ ಭೌತಶಾಸ್ತ್ರವನ್ನೂ ಪದವಿ ಮಟ್ಟದಲ್ಲಿಯೇ ಕೇಳುತ್ತವೆ. ಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಬದಲಾಗುವುದರಿಂದ, ನೀವು ಬಯಸುವ ಕಾಲೇಜುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನಿಮ್ಮ ಪ್ರಾಚಾರ್ಯರೊಡನೆ ಮಾತನಾಡುವುದು ಮೊದಲ ಕೆಲಸ.

ಪ್ರವೇಶ ಪರೀಕ್ಷೆಯ ಹೆಸರು ಓ.ಎ.ಟಿ. (ಆಪ್ಟೋಮೆಟ್ರಿ ಅಡ್ಮಿಷನ್ ಟೆಸ್ಟ್). ಅದರ ವಿಜ್ಞಾನ ವಿಭಾಗದಲ್ಲಿ ಜೀವಶಾಸ್ತ್ರಕ್ಕೆ 40, ಸಾಮಾನ್ಯ ರಸಾಯನಶಾಸ್ತ್ರಕ್ಕೆ 30, ಸಾವಯವಕ್ಕೆ 30 ಪ್ರಶ್ನೆಗಳಿದ್ದು, ಎಲ್ಲವನ್ನೂ 90 ನಿಮಿಷಗಳಲ್ಲಿ ಮುಗಿಸಬೇಕು. ಭೌತಶಾಸ್ತ್ರ ಪ್ರತ್ಯೇಕ ವಿಭಾಗವೇ ಆಗಿದೆ. ಗಣಿತ ಮತ್ತು ಓದಿನ ಗ್ರಹಿಕೆಯ ವಿಭಾಗಗಳೂ ಇವೆ. ನಮ್ಮ ಕಡೆಯ ಮಕ್ಕಳು ಓದಿನ ಗ್ರಹಿಕೆಯನ್ನು ಹಗುರವಾಗಿ ಕಾಣುತ್ತಾರೆ, ಅದು ಸಲ್ಲದು. ವಿಜ್ಞಾನ ವಿಷಯದ ದೀರ್ಘ ಇಂಗ್ಲಿಷ್ ಲೇಖನಗಳನ್ನು ದಿನವೂ ಓದಿರಿ.

ಉತ್ತರ 2: ಆಪ್ಟೋಮೆಟ್ರಿಸ್ಟ್, ವಿಜಯಪುರ

ಪುಸ್ತಕದ ಜೊತೆಗೆ ಕಣ್ಣಾಸ್ಪತ್ರೆಯಲ್ಲಿ ಕುಳಿತು ನೋಡುವುದನ್ನು ಇಂದೇ ಆರಂಭಿಸಿರಿ. ಕತ್ತಲು ಕೋಣೆಯಲ್ಲಿ ರೆಟಿನೋಸ್ಕೋಪ್ ಎಂಬ, ಕಣ್ಣಿಗೆ ಬೆಳಕು ಹಾಯಿಸಿ ನೋಡುವ ಉಪಕರಣದ ಬೆಳಕಿನ ಗೆರೆಯನ್ನು ಕಣ್ಣಿನ ಮೇಲೆ ಆಡಿಸಿದಾಗ ಪಾಪೆಯೊಳಗೆ ಕೆಂಪು ಹೊಳಪು ಕಾಣುತ್ತದೆ. ಅದು ಗೆರೆಯ ದಿಕ್ಕಿಗೇ ಸರಿದರೆ ಪ್ಲಸ್ ಮಸೂರವನ್ನೂ, ಎದುರು ದಿಕ್ಕಿಗೆ ಸರಿದರೆ ಮೈನಸ್ ಮಸೂರವನ್ನೂ ಟ್ರಯಲ್ ಫ್ರೇಮಿಗೆ (ಮಸೂರ ಬದಲಿಸಬಹುದಾದ ಪರೀಕ್ಷಾ ಕನ್ನಡಕಕ್ಕೆ) ಹಾಕುತ್ತ, ಚಲನೆ ನಿಲ್ಲುವವರೆಗೆ ಬದಲಿಸುತ್ತೇವೆ. ಸುಮಾರು 66 ಸೆಂ.ಮೀ. ದೂರದಲ್ಲಿ ಕುಳಿತು ನೋಡಿದ್ದರೆ ಬಂದ ಲೆಕ್ಕದಿಂದ 1.50 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಕಳೆಯಬೇಕು. ಏಕೆ ಕಳೆಯಬೇಕೆಂದು ನೀವೇ ಲೆಕ್ಕ ಹಾಕಿ ನೋಡಿರಿ; ಭೌತಶಾಸ್ತ್ರ ಏಕೆ ಬೇಕೆಂಬುದು ಆಗ ತಾನಾಗಿಯೇ ಮನದಟ್ಟಾಗುತ್ತದೆ.

ಮಾತು ಬಾರದ ಮಗುವಿಗೂ, ಅಕ್ಷರ ಗುರುತಿಸಲಾಗದ ಅಜ್ಜಿಗೂ ಈ ವಿಧಾನದಿಂದಲೇ ನಂಬರ್ ತೆಗೆಯುತ್ತೇವೆ. ಈ ವೃತ್ತಿಯ ಮೇಲೆ ನನಗಿರುವ ಪ್ರೀತಿಗೆ ಅದೇ ಕಾರಣ.

ಮರುಪ್ರಶ್ನೆ: ವಿದ್ಯಾರ್ಥಿನಿ, ಬಾಗಲಕೋಟೆ

ಇಬ್ಬರಿಗೂ ಧನ್ಯವಾದಗಳು. ಇಲ್ಲಿಯೇ ಬಿ.ಆಪ್ಟೋಮ್ (ಆಪ್ಟೋಮೆಟ್ರಿಯ ಪದವಿ) ಮಾಡಿಕೊಂಡು ಹೋಗುವುದು ಲೇಸೇ, ಸರ್?

ಉತ್ತರ 3: ಆಪ್ಟೋಮೆಟ್ರಿಸ್ಟ್, ವಿಜಯಪುರ

ಬಿ.ಆಪ್ಟೋಮ್ ಪಿಯುಸಿ ವಿಜ್ಞಾನದ ನಂತರದ ಕೋರ್ಸು. ಇಂಟರ್ನ್‌ಶಿಪ್ ಸೇರಿ 4 ವರ್ಷ. ನೀವು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ವೆಚ್ಚದ ಚಿಂತೆಯಿದ್ದರೆ ಅದು ಗೌರವದ ದಾರಿಯೇ. ಅಮೆರಿಕವೇ ಗುರಿಯಾಗಿದ್ದರೆ ಬಿ.ಎಸ್ಸಿ.ಯನ್ನು ಒಳ್ಳೆಯ ಅಂಕಗಳೊಂದಿಗೆ ಮುಗಿಸಿರಿ. ಅಲ್ಲಿನ ಅನೇಕ ಕಾಲೇಜುಗಳು ಆಪ್ಟೋಮೆಟ್ರಿಸ್ಟರ ಶಿಫಾರಸು ಪತ್ರವನ್ನು ಕೇಳುತ್ತವೆ. ಆದ್ದರಿಂದ ನಿಮ್ಮೂರಿನ ಆಸ್ಪತ್ರೆಯಲ್ಲಿ ಒಬ್ಬರ ಬಳಿಯೇ ನಿಯಮಿತವಾಗಿ ಹೋಗಿರಿ, ದಿನಾಂಕ ಮತ್ತು ಗಂಟೆಗಳನ್ನು ಬರೆದಿಟ್ಟು ಆಗಾಗ ಅವರ ಸಹಿ ಪಡೆಯಿರಿ.