ಟ್ರಕ್ ಬಾಗಿಲಿನ ‘ಕ್ಯಾಮ್’, ‘ಕೀಪರ್’, ‘ಸೀಲ್’: ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಸರಕು ಟ್ರಕ್ಕಿನ ಹಿಂಬಾಗಿಲಿಗೆ ಹಾಕುವ ಸಾಮಾನಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾವುದನ್ನು ಆರಿಸಬೇಕು, ಹೇಗೆ ಕೂರಿಸಬೇಕು, ಹೇಗೆ ನೋಡಿಕೊಳ್ಳಬೇಕು ಎಲ್ಲಾ ಅದರಲ್ಲಿದೆ. ಹಿಡಿ, ತಿರುಪು, ವಾಷರ್‌ವರೆಗೆ ತೊಂದರೆ ಇಲ್ಲ. ಸಿಕ್ಕಿಹಾಕಿಕೊಂಡಿರುವುದು ಮೂರು ಪದಗಳಲ್ಲಿ. ಬಾಗಿಲ ಮೇಲೆ ಅಂಟಿಸುವ ಎಚ್ಚರಿಕೆ ಚೀಟಿ ಇವತ್ತು ಸಂಜೆಯೇ ಅಚ್ಚಿಗೆ ಹೋಗಬೇಕು.

ಬಾಗಿಲಿನ ಉದ್ದಕ್ಕೆ ಒಂದು ಸರಳು. ಅದರ ಎರಡು ತುದಿಗೂ ಉಗುರಿನ ಹಾಗೆ ಬಾಗಿದ ತುಂಡು. ಅದು ಕ್ಯಾಮ್. ಅದಕ್ಕೆ ಎದುರಾಗಿ ಚೌಕಟ್ಟಿನಲ್ಲಿ ಕೂರಿಸಿದ್ದು ಕೀಪರ್. ಹಿಡಿ ತಿರುಗಿಸಿದರೆ ಕ್ಯಾಮ್ ಕೀಪರ್‌ನೊಳಗೆ ಹೊಕ್ಕು ಬಾಗಿಲನ್ನು ಒಳಕ್ಕೆ ಎಳೆಯುತ್ತದೆ, ಸುತ್ತಲಿನ ರಬ್ಬರು ಅಮುಕಿಕೊಳ್ಳುತ್ತದೆ.

ಮೂರನೆಯದು ಸೀಲ್. ಮೂಲದಲ್ಲಿ ಆ ರಬ್ಬರೂ ಸೀಲ್, ಸರಕು ತುಂಬಿದ ಮೇಲೆ ಹಿಡಿಗೆ ಹಾಕುವ ನಂಬರಿನ ಪಿನ್ನೂ ಸೀಲ್. ‘ಸೀಲ್ ಹಾಳಾಗಿದ್ದರೆ ಬದಲಾಯಿಸಿ’ ಎಂದರೆ ಯಾವುದು? ಚಾಲಕ ತಪ್ಪು ತಿಳಿದು ಪಿನ್ ಕತ್ತರಿಸಿದರೆ ದಾರಿಯಲ್ಲಿ ಯಾರೋ ಬಾಗಿಲು ತೆಗೆದಿದ್ದಾರೆ ಅಂತಲೇ ಲೆಕ್ಕ. ದಯವಿಟ್ಟು ಬೇಗ ಹೇಳಿ.

*

ಅಗುಳಿ ಇರುವಾಗ ಕ್ಯಾಮ್ ಯಾಕೆ? ಮನೆಬಾಗಿಲಿನ ಅಗುಳಿ ಗೋಡೆಯ ತೂತಿಗೆ ಹೋಗುತ್ತಿತ್ತು, ಇದು ಚೌಕಟ್ಟಿಗೆ ಹೋಗುತ್ತದೆ. ಅಷ್ಟೇ ವ್ಯತ್ಯಾಸ. ಕ್ಯಾಮ್‌ಗೆ ‘ತಿರುಗಗುಳಿ’, ಕೀಪರ್‌ಗೆ ‘ಅಗುಳಿಮನೆ’, ರಬ್ಬರಿಗೆ ‘ಬಿಗಿಪಟ್ಟಿ’.

ಅಂದಹಾಗೆ ಹಿಂಜ್‌ಗೆ ಏನು ಹಾಕಿದ್ದೀರಿ? ಬಿಜಾಗರಿ ಮಾತ್ರ ಬೇಡ, ಅದು ಪೋರ್ಚುಗೀಸರಿಂದ ಬಂದದ್ದು. ತಿರುಗಣಿ ಅನ್ನಿ. ಮನೆಯಲ್ಲೇ ಇರುವಾಗ ಸಾಲ ತರಬಾರದು.

*

ಒಪ್ಪಲಾರೆ. ಅಗುಳಿ ಜಾರುತ್ತದೆ, ಕ್ಯಾಮ್ ಹೊರಳುತ್ತದೆ. ಅಗುಳಿ ಬಾಗಿಲನ್ನು ತಡೆದು ನಿಲ್ಲಿಸುತ್ತದೆ, ಕ್ಯಾಮ್ ಎಳೆದು ಬಿಗಿಯುತ್ತದೆ. ಎರಡೂ ಒಂದೇ ಅಲ್ಲ. ‘ತಿರುಗಗುಳಿ’ ಎಂದು ಓದಿದ ಚಾಲಕ ಯಾವ ತುಂಡನ್ನು ನೋಡಬೇಕು?

ಇನ್ನು ಸಾಲದ ಮಾತು. ಅಗುಳಿಯೇ ಸಂಸ್ಕೃತದ ಅರ್ಗಲದ ತದ್ಭವ. ಚಾವಿಯೂ ಪೋರ್ಚುಗೀಸರದ್ದೇ, ಅದನ್ನು ವಾಪಸ್ ಕೊಡುತ್ತೀರಾ?

ನನ್ನ ಮಟ್ಟಿಗೆ ಹೆಸರು ಹೊರಗಿನದಾದರೂ ಕ್ರಿಯಾಪದ ಕನ್ನಡದ್ದಿರಬೇಕು. ಕೆಲಸ ಮಾಡಿಸುವುದು ಅದೇ ತಾನೇ. ಇಲ್ಲಿ ‘ಕಚ್ಚು’ ಅನ್ನುವ ಒಳ್ಳೆಯ ಪದವಿದೆ. ಮರದಲ್ಲಿ ಕೊರೆದ ತೋಡೂ ಕಚ್ಚು, ಹಲ್ಲಿನ ಹಿಡಿತವೂ ಕಚ್ಚು. ಕೀಪರ್‌ಗೆ ‘ಕಚ್ಚು’ ಅನ್ನಿ. ಕ್ಯಾಮ್ ಅದನ್ನು ಕಚ್ಚಿಕೊಳ್ಳುತ್ತದೆ.

ಸೀಲ್ ಪಿನ್ನಿಗೇ ಇರಲಿ. ಐಎಸ್‌ಒ 17712 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅಂಥವಕ್ಕೆ ಗಟ್ಟಿತನದ ಮೇಲೆ ಮೂರು ದರ್ಜೆಗಳಿವೆ, ಕಾಗದಪತ್ರದಲ್ಲೂ ಸೀಲ್ ಎಂದೇ ಬರುತ್ತದೆ. ಬಾಗಿಲಿನದು ‘ರಬ್ಬರ್ ಪಟ್ಟಿ’.

ಇನ್ನೊಂದು ಕಡೆ ಜಾಸ್ತಿ ಹುಷಾರಾಗಿರಿ. ನಿರ್ವಹಣೆಯ ಭಾಗದಲ್ಲಿ ಲೂಬ್ರಿಕೇಟ್ ಬಂದಲ್ಲೆಲ್ಲ ಸುಮ್ನೆ ‘ಎಣ್ಣೆ ಹಾಕಿ’ ಎಂದು ಬರೆಯಬೇಡಿ. ಹಿಂಜ್ ಪಿನ್ನಿಗೆ ಗ್ರೀಸ್ ಸರಿ. ಪಟ್ಟಿ ಇಪಿಡಿಎಂ ಎಂಬ ಕೃತಕ ರಬ್ಬರಿನದಾದರೆ ಪೆಟ್ರೋಲಿಯಂ ಎಣ್ಣೆ ತಾಗಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಅದಕ್ಕೆ ಸಿಲಿಕೋನ್ ಹಚ್ಚಬೇಕು. ಒಂದು ಪದ ತಪ್ಪಿದರೆ ಮಳೆನೀರು ಸರಕಿಗೇ ಇಳಿಯುತ್ತದೆ.

*

ತದ್ಭವವಾಗಿ ನಮ್ಮ ಬಾಯಿಗೆ ಒಗ್ಗಿದ ಮೇಲೆ ಅದು ಕನ್ನಡದ್ದೇ. ಕ್ಯಾಮ್ ಎಲ್ಲಿ ಒಗ್ಗಿದೆ? ಬಂದಹಾಗೆಯೇ ಇದೆ. ಒಂದೊಂದಕ್ಕೂ ಹೀಗೆ ಬಿಟ್ಟುಕೊಟ್ಟರೆ ‘ಲಾಕ್ ಮಾಡಿ, ಚೆಕ್ ಮಾಡಿ’ ಅನ್ನುವುದಷ್ಟೇ ಉಳಿಯುತ್ತದೆ. ಆಗ ನಿಮ್ಮ ಕ್ರಿಯಾಪದವೂ ‘ಮಾಡಿ’ ಒಂದೇ. ‘ಕಚ್ಚು’ ಒಪ್ಪಿದೆ. ‘ಕ್ಯಾಮ್’ ಒಪ್ಪಿಲ್ಲ.

*

ಇಬ್ಬರಿಗೂ ತುಂಬಾ ಉಪಕಾರವಾಯಿತು. ಚೀಟಿ ಹೀಗೆ ಹೋಯಿತು:

‘ಹಿಡಿ ತಿರುಗಿಸಿದ ಮೇಲೆ ಮೇಲಿನ ಕ್ಯಾಮ್, ಕೆಳಗಿನ ಕ್ಯಾಮ್ ಎರಡೂ ಕಚ್ಚಿಕೊಂಡಿವೆಯೇ ನೋಡಿ. ರಬ್ಬರ್ ಪಟ್ಟಿಗೆ ಗ್ರೀಸ್ ಹಚ್ಚಬೇಡಿ.’

ಕ್ಯಾಮ್ ಯಾವುದು ಎಂದು ಬಾಣದ ಗುರುತು ಹಾಕಿಸಿದ್ದೇನೆ. ಕೈಪಿಡಿಯಲ್ಲಿ ತಿರುಗಣಿ ಇಟ್ಟುಕೊಂಡೆ, ಅದು ಓದಿದ ಕೂಡಲೇ ತಿಳಿಯುತ್ತದೆ. ‘ಎಣ್ಣೆ ಹಾಕಿ’ ಏಳು ಕಡೆ ಇತ್ತು. ಅದರಲ್ಲಿ ಎರಡು ರಬ್ಬರಿನವು, ತಿದ್ದಿದೆ.

ತೆರೆದ ಬಾಗಿಲು ಗಾಳಿಗೆ ಬಡಿಯದ ಹಾಗೆ ಗಾಡಿಯ ಪಕ್ಕಕ್ಕೆ ಸಿಕ್ಕಿಸುವ ಕೊಕ್ಕೆಗೆ ನೀವೆಲ್ಲ ಏನನ್ನುತ್ತೀರಿ? ಆ ಪುಟ ನಾಳೆ ಹೋಗಬೇಕು.